ಅಮ್ಮ ಕಡೆಯ ಬೆಂಚಿನಲ್ಲಿ ಕುಳಿತ ಬೇಸಿಗೆ

ಅಮ್ಮ ತೀರಿಕೊಂಡ ದಿನ ಚರ್ಚಿನಲ್ಲಿ ಐದಾರು ಮಂದಿ ಎದ್ದು ನಿಂತು, ಆಕೆಯ ಹಾಗೆ ತಾಳ್ಮೆಯಿಂದ ವಿಶ್ವಾಸ ಕಾಪಾಡಿಕೊಂಡವರು ನಮ್ಮ ಸಭೆಯಲ್ಲಿ ಇನ್ನೊಬ್ಬರಿಲ್ಲ ಎಂದು ಮಾತಾಡಿದರು. ನಾನು ಮುಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಹಾಗೆ ಮಾತಾಡಿದವರಲ್ಲಿ ಇಬ್ಬರ ಮನೆಯ ಹೆಂಗಸರು, ನಾನು ಚಿಕ್ಕವಳಿದ್ದಾಗ, ಅಮ್ಮ ಬಾವಿಕಟ್ಟೆಗೆ ಬಂದರೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಹೊಗಳಿಕೆ ಕೇಳಿ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಿಟ್ಟೇ ಬಂತು. ಅವರು ತಾಳ್ಮೆ ತಾಳ್ಮೆ ಎನ್ನುತ್ತಿದ್ದ ಕಾಲದಲ್ಲಿ ನಮ್ಮ ಮನೆಯೊಳಗೆ ಇದ್ದದ್ದು ಹೆದರಿಕೆ. ಒಂದು ಬೇಸಿಗೆ ಇಡೀ ನಾನು ಹೆದರಿಕೊಂಡೇ ಉಂಡೆ, ಹೆದರಿಕೊಂಡೇ ಮಲಗಿದೆ. ಅದನ್ನು ಬರೆದಿಡಬೇಕು ಎಂದು ಆ ದಿನವೇ ಅನ್ನಿಸಿತು.

ನಮ್ಮ ಮನೆ ಇದ್ದದ್ದು ಮಂಗಳೂರಿನಲ್ಲಿ, ಹೊಳೆಯ ಬದಿಯ ಹೆಂಚಿನ ಕಾರ್ಖಾನೆಯ ಹಿಂದೆ, ಮಿಶನ್ ಕಂಪೌಂಡಿನಲ್ಲಿ. ಒಂದೇ ಅಳತೆಯ ಸಣ್ಣ ಮನೆಗಳ ಸಾಲು, ನಡುವೆ ಒಂದು ಬಾವಿ, ಗುಡ್ಡದ ಮೇಲೆ ಚರ್ಚು. ಅಪ್ಪ ಕಾರ್ಖಾನೆಯ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದರು. ನನಗೆ ಒಂಬತ್ತು ತುಂಬುವ ಮೊದಲೇ ಜ್ವರದಲ್ಲಿ ಹೋದರು. ಆಮೇಲೆ ಅಮ್ಮನಿಗೆ ಅಲ್ಲೇ ಹಸಿ ಹೆಂಚು ಹೊತ್ತು ಒಣಗಲು ಇಡುವ ಕೆಲಸ ಸಿಕ್ಕಿತು. ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ಇನ್ನೂ ಸರಿಯಾಗಿ ಮಾತು ಬಾರದ ನನ್ನ ತಂಗಿ. ಮನೆಯಲ್ಲಿ ಆಡುವ ಮಾತು ತುಳು, ಶಾಲೆಯಲ್ಲೂ ಚರ್ಚಿನಲ್ಲೂ ಕನ್ನಡ.

ಕಂಪೌಂಡಿನಲ್ಲಿ ನಾವು ಹೊಸಬರು. ಉಳಿದವರೆಲ್ಲ ಅಜ್ಜನ ಕಾಲದಲ್ಲೋ ಮುತ್ತಜ್ಜನ ಕಾಲದಲ್ಲೋ ಕ್ರೈಸ್ತರಾದವರು. ಅಪ್ಪ ಅಮ್ಮ ದೀಕ್ಷಾಸ್ನಾನ ಪಡೆದಾಗ ನಾನು ಅಮ್ಮನ ಸೊಂಟದ ಮೇಲಿದ್ದೆನಂತೆ. ಹೊಸಬರ ವಿಶ್ವಾಸವೆಂದರೆ ಹಳಬರಿಗೆ ಹಸಿ ಹೆಂಚಿನ ಹಾಗೆ, ಬೆರಳಿನಿಂದ ಒತ್ತಿ ನೋಡದೆ ಅವರಿಗೆ ಸಮಾಧಾನವಿಲ್ಲ. ಅಮ್ಮ ಕೂದಲಿಗೆ ಹೂ ಮುಡಿದರೂ ನೋಡುತ್ತಿದ್ದರು, ಮುಡಿಯದಿದ್ದರೂ ನೋಡುತ್ತಿದ್ದರು. ಹೊಳೆಯ ಆಚೆ ದಡದ ಬೆಂಗ್ರೆಯಲ್ಲಿ ಅಮ್ಮನ ತವರಿನವರಂತೂ, ಇವರು ಅಕ್ಕಿಗಾಗಿ ಜಾತಿ ಬಿಟ್ಟವರು, ಹೊಟ್ಟೆ ತುಂಬಿದ ಮೇಲೆ ವಾಪಸು ಬರುತ್ತಾರೆ ಎಂದು ಕಾಯುತ್ತಿದ್ದರು. ಹೊಳೆಯ ಎರಡು ದಡದಲ್ಲೂ ಅಮ್ಮನನ್ನು ಪೂರ್ತಿ ನಂಬಿದವರು ಯಾರೂ ಇರಲಿಲ್ಲ.

ಬೆಂಗ್ರೆಯಲ್ಲಿದ್ದವಳು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಮೀನು ಮಾರುವವಳು. ಬೆಳಿಗ್ಗೆ ದೋಣಿ ದಾಟಿ ಬಂದು, ತಲೆಯ ಮೇಲೆ ಬುಟ್ಟಿ ಹೊತ್ತು, ನಮ್ಮ ಕಂಪೌಂಡಿಗೂ ಬರುತ್ತಿದ್ದಳು. ಅವಳ ಕೂಗು ಗುಡ್ಡದ ಚರ್ಚಿನವರೆಗೆ ಕೇಳುತ್ತಿತ್ತು. ಕಂಪೌಂಡಿನ ಹೆಂಗಸರು ಅವಳ ದೈವವನ್ನು ಒಪ್ಪದಿದ್ದರೂ ಅವಳ ಬಂಗುಡೆಯನ್ನು ಒಪ್ಪಿದ್ದರು. ಎಲ್ಲರ ಹತ್ತಿರ ಜಗಳಾಡಿ ಮಾರಿ ಮುಗಿಸಿದ ಮೇಲೆ ನಮ್ಮ ಹಿತ್ತಲಿಗೆ ಬಂದು, ಉಳಿದ ನಾಲ್ಕು ಮೀನು ಅಮ್ಮನ ಮುಂದೆ ಹಾಕಿ, "ನಿನ್ನ ದೇವರಿಗೆ ಮೀನು ಆಗ್ತದಲ್ಲ? ಅದೊಂದೇ ಅವನದ್ದು ನನಗೆ ಇಷ್ಟ" ಎಂದು ನಗುತ್ತಿದ್ದಳು. ಅಮ್ಮನೂ ನಗುತ್ತಿದ್ದಳು.

ನಾನು ಹತ್ತೋ ಹನ್ನೊಂದೋ ವರ್ಷದವಳಿದ್ದಾಗ, ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ಬರುವುದು ನಿಂತಿತು. ನಾಲ್ಕನೆಯ ದಿನವೋ ಐದನೆಯ ದಿನವೋ ಸಂಜೆ ಅವಳ ಗಂಡ, ನನ್ನ ದೊಡ್ಡಪ್ಪ, ಹಿತ್ತಲ ಬೇಲಿಯ ಆಚೆ ಬಂದು ನಿಂತರು. ಅಮ್ಮ ಒಳಗೆ ಬನ್ನಿ ಎಂದರೂ ಬರಲಿಲ್ಲ. ನನ್ನ ತಂಗಿ ಓಡಿ ಹೋದಾಗ ಕೈ ಅಡ್ಡ ಹಿಡಿದು, "ಹತ್ತಿರ ಬರ್ಬೇಡ ಮಗಾ" ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದರು. ನಾನು ಓಡಿ ಹೋಗಿ ತಂಗಿಯನ್ನು ಎತ್ತಿಕೊಂಡೆ.

"ಅವಳಿಗೆ ಅಮ್ಮ ಬಂದಿದ್ದಾಳೆ" ಎಂದರು.

ಸಿಡುಬು ಎಂದರೆ ಮಾರಿಯಮ್ಮನೇ ಬಂದದ್ದು ಎಂದು ಆ ಕಡೆ ಹಾಗೇ ಹೇಳುವುದು. ಮೈ ತುಂಬ ಎದ್ದಿದೆ, ಬಾಯಲ್ಲೂ ಎದ್ದಿದೆ, ನೀರು ಇಳಿಯುವುದಿಲ್ಲ, ಹತ್ತಿರ ಹೋಗಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ ಎಂದು ದೊಡ್ಡಪ್ಪ ನೆಲ ನೋಡಿಕೊಂಡು ಹೇಳಿದರು. ಅಮ್ಮನಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು. ಅವಳ ಕೆನ್ನೆಯ ತುಂಬ ಅದರ ಗುಳಿಗಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ ದೊಡ್ಡಪ್ಪ ಕೇಳಲು ಬಂದದ್ದು ಏನೆಂದು ಅವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಯಾರಿಗೂ ಗೊತ್ತಾಗ್ಬಾರ್ದು" ಎಂದಷ್ಟೇ ಹೇಳಿದರು. "ಮುನ್ಸಿಪಾಲ್ಟಿಯವರಿಗೆ ಗೊತ್ತಾದ್ರೆ ಊರ ಹೊರಗಿನ ರೋಗಿಗಳ ಶೆಡ್ಡಿಗೆ ಹೊತ್ಕೊಂಡು ಹೋಗ್ತಾರೆ. ಅಲ್ಲಿಂದ ಯಾರು ವಾಪಸು ಬಂದದ್ದು ಉಂಟು? ಒಂದು ವೇಳೆ ಬದುಕಿದ್ರೂ ಅವಳ ಬುಟ್ಟಿಯ ಮೀನು ಮತ್ತೆ ಯಾರು ಮುಟ್ತಾರೆ?"

ಅಮ್ಮ ಮಾತು ಕೊಟ್ಟಳು. ಅದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಆಮೇಲೆ ನಡೆದದ್ದಕ್ಕೆಲ್ಲ ಆ ಒಂದು ಮಾತೇ ಕಾರಣ.

ಮರುದಿನದಿಂದ ಅಮ್ಮ ಕಾರ್ಖಾನೆಯ ಗಂಟೆ ಹೊಡೆದ ಕೂಡಲೆ ಬಂದರಿನ ಧಕ್ಕೆಗೆ ಹೋಗಿ ಕೊನೆಯ ದೋಣಿ ಹಿಡಿಯುತ್ತಿದ್ದಳು. ಬೆಳಿಗ್ಗೆ ಮೊದಲ ದೋಣಿಗೆ ಬರುತ್ತಿದ್ದಳು. ಪಕ್ಕದ ಮನೆಯವರಿಗೆ, ಅಕ್ಕನಿಗೆ ಜ್ವರ, ನೋಡುವವರಿಲ್ಲ, ಮಕ್ಕಳ ಕಡೆ ಸ್ವಲ್ಪ ಕಣ್ಣಿಡಿ ಎಂದು ಹೇಳಿದ್ದಳು. ಸುಳ್ಳಲ್ಲ, ಜ್ವರವೂ ಇತ್ತು. ಬಂದವಳು ಮೊದಲು ಹಿತ್ತಲಲ್ಲೇ ತಲೆಗೆ ಬಿಸಿನೀರು ಹೊಯ್ದುಕೊಂಡು, ಉಟ್ಟ ಸೀರೆಯನ್ನು ಬೂದಿ ಹಾಕಿದ ನೀರಿನಲ್ಲಿ ಕುದಿಸಿ, ಬೇರೆ ಉಟ್ಟು ಒಳಗೆ ಬರುತ್ತಿದ್ದಳು. ತಂಗಿ ಎತ್ತಿಕೋ ಎಂದು ಅಳುತ್ತಿದ್ದರೆ ಬಾಗಿಲಿನ ಆಚೆಯಿಂದಲೇ ಅವಳಿಗೆ ಮಾತು ಹೇಳುತ್ತ ಮೈಗೆ ನೀರು ಹೊಯ್ದುಕೊಳ್ಳುತ್ತಿದ್ದಳು.

"ಅಮ್ಮ, ನಮಗೆ ಬರ್ಲಿಕ್ಕಿಲ್ಲವಾ?" ಎಂದು ಕೇಳಿದೆ.

"ನಿಮಗೆ ಇಬ್ಬರಿಗೂ ದೇವಿ ಹಾಕ್ಸಿದ್ದೇನಲ್ಲ. ಬರುದಿಲ್ಲ" ಎಂದಳು.

ಶಾಲೆಗೆ ಬಂದ ಡಾಕ್ಟರು ಸಿಡುಬು ಬಾರದಂತೆ ತೋಳಿನಲ್ಲಿ ಗೀರಿದ ಆ ಗುರುತನ್ನು ನಾನು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೆ ಮೊದಲು ನನ್ನ ಹಣೆ ಸವರಿಕೊಳ್ಳುವುದು, ಆಮೇಲೆ ತಂಗಿಯದು. ಒಮ್ಮೆ ಅವಳ ಕುತ್ತಿಗೆಯಲ್ಲಿ ಮೂರು ಕೆಂಪು ಗುಳ್ಳೆ ಕಂಡವು. ಅದು ಬೆವರುಸಾಲೆ ಎಂದು ಅಮ್ಮ ಬಂದು ಹೇಳುವವರೆಗೆ ನಾನು ಅವಳನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು, ಶಾಲೆಗೂ ಹೋಗದೆ ಕುಳಿತಿದ್ದೆ. ಪ್ರಾರ್ಥನೆ ಮಾಡಿದೆಯಾ ಎಂದು ಯಾರಾದರೂ ಕೇಳಬಹುದು. ಮಾಡಿದೆ. ಆದರೆ ಬೆಂಗ್ರೆಯ ದೈವಕ್ಕೆ ಸಿಟ್ಟು ಬಂದಿರಬಹುದೇ ಎನ್ನುವ ಸಂಶಯವೂ ನನ್ನಲ್ಲಿತ್ತು. ಎರಡು ಕಡೆಯ ಹೆದರಿಕೆಯೂ ನನ್ನೊಳಗೆ ಒಟ್ಟಿಗೇ ಇತ್ತು.

ದೊಡ್ಡಮ್ಮ ಬದುಕಿದಳು. ಹಕ್ಕಳೆ ಒಣಗಿ ಉದುರಿದವು. ಕಾಯಿಲೆ ಬಿಟ್ಟವರನ್ನು ಬೇವು, ಅರಸಿನ ಹಾಕಿ ಕುದಿಸಿದ ನೀರಿನಲ್ಲಿ ಮೀಯಿಸುವುದು ಅಲ್ಲಿಯ ಕ್ರಮ. ಅವಳನ್ನು ಮೀಯಿಸಿ, ಅದೇ ನೀರನ್ನು ಅಮ್ಮನೂ ಮೈಗೆ ಹೊಯ್ದುಕೊಂಡು, ಕೈಗೂ ಮುಖಕ್ಕೂ ಅರಸಿನ ಹಚ್ಚಿಕೊಂಡಳಂತೆ. ಔಷಧ ಎಂದೇ ಹಚ್ಚಿಕೊಂಡದ್ದು. ಆಮೇಲೆ ದೊಡ್ಡಮ್ಮ ಮಲಗಿದ್ದ ಚಾಪೆ, ಬಟ್ಟೆ, ಗಾಯಕ್ಕೆ ಬೀಸುತ್ತಿದ್ದ ಬೇವಿನ ಸೊಪ್ಪು, ಎಲ್ಲವನ್ನೂ ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು, ಮನೆಗಳಿಂದ ದೂರ ಹೊಳೆಯ ಬದಿಗೆ ಒಬ್ಬಳೇ ಹೋಗಿ ಸುಟ್ಟುಹಾಕಿದಳು. ಆಗ ಇನ್ನೂ ಬೆಳಿಗ್ಗೆ. ಹೊಳೆಯ ನಡುವೆ ಹೆಂಚು ತುಂಬಿದ ದೋಣಿಯೊಂದು ಹಡಗಿನ ಕಡೆ ಹೋಗುತ್ತಿತ್ತು. ಅದರಲ್ಲಿ ನಮ್ಮ ಕಾರ್ಖಾನೆಯ ಮೇಸ್ತ್ರಿ ಇದ್ದರು. ಅವರು ಚರ್ಚಿನ ಹಿರಿಯರೂ ಹೌದು.

ಮಳೆಗಾಲ ಹಿಡಿಯುವ ಮೊದಲು ಊರ ಮಾರಿಯನ್ನು ಹೊರಗೆ ಕಳಿಸುವ ಕ್ರಮ ನಮ್ಮ ಕಡೆ ಉಂಟು. ಕಾಯಿಲೆ ಇರಲಿ, ಇಲ್ಲದಿರಲಿ, ಅರಸಿನ ಹಚ್ಚಿಕೊಂಡ ಒಬ್ಬಳು ಬೇವಿನ ಸೊಪ್ಪಿನ ಬುಟ್ಟಿ ಹೊತ್ತು ಊರ ಗಡಿ ದಾಟಿಸಿ ಬರುತ್ತಾಳೆ. ಮೇಸ್ತ್ರಿ ಅದನ್ನು ತಮ್ಮ ಅಜ್ಜಿಯ ಬಾಯಿಂದ ಕೇಳಿದ್ದವರು. ಕಂಡದ್ದು ಮುಖಕ್ಕೆ ಅರಸಿನ, ತಲೆಯ ಮೇಲೆ ಬೇವಿನ ಬುಟ್ಟಿ, ನೀರಿನ ಬದಿಯಲ್ಲಿ ಹೊಗೆ. ಮೊದಲು ಮಿಶನ್ ನಡೆಸುತ್ತಿದ್ದ ಜರ್ಮನ್ ಪಾದ್ರಿಗಳು, ನಮ್ಮ ಅಯ್ಯನವರು, ಯಾರಾದರೂ ಆ ದೋಣಿಯಲ್ಲಿದ್ದಿದ್ದರೆ, ಯಾರೋ ಹೆಂಗಸು ಕಸ ಸುಡುತ್ತಿದ್ದಾಳೆ ಎಂದು ಆ ಕಡೆ ತಿರುಗುತ್ತಿರಲಿಲ್ಲ. ಆದರೆ ಅವರೆಲ್ಲ ಮೊದಲನೆಯ ಮಹಾಯುದ್ಧದ ಕಾಲದಲ್ಲೇ ಹೋಗಿಯಾಗಿತ್ತು. ನೋಡಿದವರು ನಮ್ಮವರು. ನಮ್ಮವರಾದ್ದರಿಂದಲೇ ತಪ್ಪು ತಿಳಿದರು.

ಅಯ್ಯನವರು ಹೋದ ಮೇಲೆ ಸಭೆ ನಮ್ಮವರದೇ ಕೈಗೆ ಬಂದಿತ್ತು. ತಮ್ಮ ಕೈಯಲ್ಲಿ ಸಭೆ ಸಡಿಲವಾಯಿತು ಎಂದು ಯಾರೂ ಹೇಳಬಾರದಲ್ಲ, ಅದಕ್ಕಾಗಿ ಹಿರಿಯರು ಮೊದಲಿಗಿಂತ ಬಿಗಿಯಾಗಿದ್ದರು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ವರ್ಷಕ್ಕೆ ಕೆಲವೇ ಸಲ. ಅದಕ್ಕೆ ಮೊದಲು ಪ್ರತಿಯೊಬ್ಬರೂ ಸಭಾಪಾಲಕರಲ್ಲಿ, ಅಂದರೆ ಪಾದ್ರಿಯವರಲ್ಲಿ, ಹೆಸರು ಹೇಳಬೇಕು, ಯಾರ ಮೇಲಾದರೂ ದೂರಿದ್ದರೆ ಹಿರಿಯರು ವಿಚಾರಿಸಬೇಕು. ತಪ್ಪಿದವರನ್ನು ಭೋಜನದಿಂದ ತಡೆದು ಕಡೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಸಭೆಯ ಎದುರು ನಿಂತು ತಪ್ಪು ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಒಪ್ಪದಿದ್ದರೆ ಸಭೆಯಿಂದ ಹೊರಗೆ. ಹೊರಗಾದವರಿಗೆ ಕಂಪೌಂಡಿನ ಮನೆಯೂ ಇಲ್ಲ.

ಒಂದು ಶುಕ್ರವಾರ ಸಂಜೆ ಸಭಾಪಾಲಕರೂ ಮೇಸ್ತ್ರಿಯೂ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ನಾನು ಬಾಗಿಲ ಹಿಂದೆ ತಂಗಿಯ ಬಾಯಿ ಮುಚ್ಚಿ ಹಿಡಿದುಕೊಂಡು ನಿಂತಿದ್ದೆ.

"ನಾನು ಕಣ್ಣಾರೆ ಕಂಡದ್ದು" ಎಂದರು ಮೇಸ್ತ್ರಿ. "ಅರಸಿನ, ಬೇವು, ಬುಟ್ಟಿ, ಬೆಂಕಿ. ನೀನಲ್ಲವಾ?"

"ನಾನೇ ಹಿರಿಯರೇ."

"ಹಾಗಾದ್ರೆ ಮಾರಿಯ ಬುಟ್ಟಿ ಹೊತ್ತದ್ದು ಹೌದಲ್ಲ?"

"ಅಲ್ಲ. ನಾನು ಪೂಜೆ ಮಾಡ್ಲಿಲ್ಲ."

"ಮತ್ತೆ ಎಂತ ಮಾಡಿದ್ದು ಮಾರಾಯ್ತಿ, ಅದನ್ನಾದ್ರೂ ಹೇಳು."

"ಅದನ್ನು ಹೇಳ್ಲಿಕ್ಕೆ ಆಗುದಿಲ್ಲ. ಮಾತು ಕೊಟ್ಟಿದ್ದೇನೆ" ಎಂದಳು ಅಮ್ಮ.

ಸಭಾಪಾಲಕರು ಮೃದು ಮನುಷ್ಯ. ಅವರ ಸ್ವರ ನನಗೆ ಮೇಸ್ತ್ರಿಯ ಸ್ವರಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. "ನೋಡಮ್ಮ, ರಕ್ತಸಂಬಂಧ, ಅವರ ಒತ್ತಾಯ, ಆ ಸಮಯಕ್ಕೆ ಮನಸ್ಸು ಜಾರಿರಬಹುದು. ತಪ್ಪು ಮಾಡದವರು ಯಾರೂ ಇಲ್ಲ. ಒಪ್ಪಿಕೊಂಡರೆ ಅಲ್ಲಿಗೆ ಮುಗೀತು. ಮುಚ್ಚಿಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯುದಿಲ್ಲ" ಎಂದರು. ಮಳೆ ಹಿಡಿದ ಮೇಲಿನ ಭೋಜನದ ಭಾನುವಾರದವರೆಗೆ ಸಮಯ ಕೊಡುತ್ತೇವೆ ಎಂದು ಎದ್ದರು. ಅಮ್ಮ ಇಬ್ಬರಿಗೂ "ಸಲಾಂ" ಹೇಳಿ, ಜಗಲಿಯ ಮೆಟ್ಟಿಲಿನವರೆಗೆ ದೀಪ ಹಿಡಿದಳು. ಆ ದೀಪ ಹಿಡಿದದ್ದಕ್ಕೆ ನನಗೆ ಇವತ್ತಿಗೂ ಕೋಪ.

ಮುಂದಿನ ಭಾನುವಾರ ಅಮ್ಮ ಹೇಳಿಸಿಕೊಳ್ಳದೆ ತಾನೇ ಹೋಗಿ ಕಡೆಯ ಬೆಂಚಿನಲ್ಲಿ ಕುಳಿತಳು. ನಾನೂ ತಂಗಿಯೂ ಹೆಂಗಸರ ಸಾಲಿನಲ್ಲಿ ನಮ್ಮ ಮಾಮೂಲಿ ಜಾಗದಲ್ಲಿ. ಹಿಂದಿನಿಂದ ಅವಳ ಹಾಡು ಕೇಳಿಸುತ್ತಿತ್ತು. ಅವಳಿಗೆ ಒಳ್ಳೆಯ ಸ್ವರವಿರಲಿಲ್ಲ, ಆದರೆ ಒಂದು ಚರಣವನ್ನೂ ಬಿಡುತ್ತಿರಲಿಲ್ಲ. ಶನಿವಾರ ಚರ್ಚು ಗುಡಿಸುವ ಸರದಿ ಅವಳದಿತ್ತು. ಒಳಗೆ ನೀನು ಗುಡಿಸುವುದು ಬೇಡ ಎಂದು ಹೇಳಿ ಕಳಿಸಿದರು. ಸರಿ ಎಂದು ಅಂಗಳ ಗುಡಿಸಿ ಬಂದಳು. ಕಾರ್ಖಾನೆಯಲ್ಲಿ ಹೆಂಗಸರು ಅವಳ ಪಕ್ಕದಲ್ಲಿ ಕುಳಿತು ಗಂಜಿ ಉಣ್ಣುವುದನ್ನು ಬಿಟ್ಟರು. ಮೇಸ್ತ್ರಿ ಎದುರು ಸಿಕ್ಕರೆ ಪ್ರತಿ ಸಲವೂ "ಸಲಾಂ ಹಿರಿಯರೇ" ಎನ್ನುತ್ತಿದ್ದಳು. ಪಾಪ, ಅವರೂ ಕೆಟ್ಟವರಲ್ಲ. ಆ ಸಲಾಮಿಗೆ ಏನು ಮಾಡಬೇಕೆಂದು ತಿಳಿಯದೆ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದರು.

ನನಗೆ ಮಾತ್ರ ಒಂದೇ ಯೋಚನೆ. ಈ ಮನೆ ಹೋದರೆ ನಾವು ಎಲ್ಲಿಗೆ ಹೋಗುವುದು? ಮಳೆ ಬರುತ್ತದೆ, ತಂಗಿ ಚಿಕ್ಕವಳು. ಕಾರ್ಖಾನೆಯ ಕೆಲಸವೂ ಹೋಗಬಹುದು. ದೊಡ್ಡಪ್ಪ ಒಂದು ಸಂಜೆ ಬಂದು, "ನಿಮ್ಮವರು ಹೊರಗೆ ಹಾಕಿದ್ರೆ ನಮ್ಮಲ್ಲಿ ಜಾಗ ಉಂಟು. ಆದ್ರೆ ದೈವದ ಎದುರು ನಿಂತು ತಪ್ಪಾಯ್ತು ಅನ್ಬೇಕಾಗ್ತದೆ" ಎಂದು ಹೇಳಿ ಹೋಗಿದ್ದರು. ಆ ಕಡೆಯವರಿಗೂ ತಪ್ಪಾಯ್ತು ಬೇಕು, ಈ ಕಡೆಯವರಿಗೂ ತಪ್ಪಾಯ್ತು ಬೇಕು. ಎರಡರಲ್ಲಿ ಒಂದನ್ನಾದರೂ ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ನನಗೆ ಅಳು ಬರುತ್ತಿತ್ತು.

ಯಾಕೆಂದರೆ ನಿಜವನ್ನು ಹೇಳುವ ಹಾಗಿರಲಿಲ್ಲ. ಇದು ಆ ವಯಸ್ಸಿಗೇ ನನಗೆ ಅರ್ಥವಾಗಿತ್ತು. ದಿನವೂ ಸಿಡುಬಿನ ಹಾಸಿಗೆಯ ಪಕ್ಕದಿಂದ ಎದ್ದು ಬಂದು ನಿಮ್ಮ ನಡುವೆ ಹೆಂಚು ಹೊತ್ತೆ ಎಂದು ಅಮ್ಮ ಹೇಳಿದರೆ, ಮಾರಿಗೆ ಪೂಜೆ ಮಾಡಿದವಳನ್ನು ಕ್ಷಮಿಸುವ ಅದೇ ಜನ ನಮ್ಮನ್ನು ಅದೇ ದಿನ ಓಡಿಸುತ್ತಿದ್ದರು. ದೊಡ್ಡಮ್ಮನ ಹೊಟ್ಟೆಪಾಡೂ ಹೋಗುತ್ತಿತ್ತು. ಮಳೆಗಾಲದಲ್ಲಿ ಹೇಗೂ ಕಡಲಿಗೆ ದೋಣಿ ಇಳಿಯುವುದಿಲ್ಲ. ಮಳೆ ಮುಗಿದು ಅವಳು ಬುಟ್ಟಿ ಹೊತ್ತು ಬರುವ ಹೊತ್ತಿಗೆ, ಮುಖದ ಕಲೆ ಎಲ್ಲಿಂದ ಬಂತು ಎಂದು ಕೇಳಿದರೆ ಹಳೆಯ ಕತೆ ಎಂದು ಏನಾದರೂ ಹೇಳಬಹುದು ಎನ್ನುವುದು ಅವರ ಲೆಕ್ಕಾಚಾರ. ಅಲ್ಲಿಯವರೆಗೆ ಅಮ್ಮ ಬಾಯಿ ಬಿಡುವ ಹಾಗಿಲ್ಲ.

ಒಂದು ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ನಾನು ಹೇಳಿಯೇಬಿಟ್ಟೆ. "ಪೂಜೆ ಮಾಡಿದೆ, ತಪ್ಪಾಯ್ತು ಅಂತ ಹೇಳು ಅಮ್ಮ. ಅವರಿಗೆ ಅದೇ ಬೇಕಾದ್ದು. ನಾವು ಇಲ್ಲೇ ಇರ್ಬಹುದು."

ಅಮ್ಮ ಗೆರಸೆ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಮಾಡದ್ದನ್ನು ಮಾಡಿದೆ ಅಂತ ದೇವರ ಎದುರು ನಿಂತು ಹೇಗೆ ಹೇಳ್ಲಿ?" ಎಂದಳು. "ನಾನು ಹಾಗೆ ಹೇಳಿದ್ರೆ ಎಲ್ಲರೂ ನಂಬ್ತಾರೆ. ನಾಳೆ ನೀನೂ ನಂಬ್ತಿ."

"ಮತ್ತೆ ಮನೆ?"

"ಗೊತ್ತಿಲ್ಲ ಮಗಾ" ಎಂದಳು. ಅಮ್ಮನ ಬಾಯಲ್ಲಿ ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆಗೆ ತಳವೇ ಇಲ್ಲದಾಯಿತು. ಅವಳನ್ನು ಸುಳ್ಳು ಹೇಳು ಎಂದು ಕಾಡಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಮಕ್ಕಳಿಗೆ ತಲೆಯ ಮೇಲಿನ ಮಾಡು ಮುಖ್ಯ.

ಭೋಜನದ ಭಾನುವಾರ ಬಂತು. ಮಳೆ ಹಿಡಿದಿತ್ತು. ಚರ್ಚಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಒದ್ದೆ ಬಟ್ಟೆಯ ವಾಸನೆ, ಮಬ್ಬು ಬೆಳಕು. ಮುಂದೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ, ದ್ರಾಕ್ಷಾರಸ ಇಟ್ಟಿದ್ದರು. ಪ್ರಸಂಗ ಮುಗಿದ ಮೇಲೆ ಸಭಾಪಾಲಕರು ಅಮ್ಮನ ಹೆಸರು ಕರೆದರು. ಹಿಂದಿನ ಬೆಂಚು ಕಿರ್ ಎಂದಿತು. ನಾನು ತಿರುಗಿ ನೋಡಲಿಲ್ಲ. ತಂಗಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು ಕುಂಯ್ ಎಂದಳು.

"ಸಭೆಯ ಎದುರು ನಿನಗೆ ಹೇಳ್ಲಿಕ್ಕೆ ಎಂತಾದ್ರೂ ಉಂಟಾ?" ಎಂದು ಸಭಾಪಾಲಕರು ಕೇಳಿದರು.

"ನಾನು ಮಾರಿಗೆ ಪೂಜೆ ಮಾಡ್ಲಿಲ್ಲ" ಎಂದಳು ಅಮ್ಮ.

"ಬೇರೆ?"

"ಬೇರೆ ಹೇಳ್ಲಿಕ್ಕೆ ಆಗುದಿಲ್ಲ."

ಮೇಸ್ತ್ರಿ ತಲೆ ತಗ್ಗಿಸಿದರು. ಸಭಾಪಾಲಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನು ಅವರ ಬಾಯಿಂದ ಬರುವ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ನನಗೆ ಮೂತ್ರ ಬಂದ ಹಾಗಾಗಿ ಕಾಲು ಒತ್ತಿ ಕುಳಿತೆ. ಆಗ ಬಾಗಿಲ ಕಡೆಯಿಂದ ಒಂದು ಸ್ವರ ಬಂತು. ಆ ಸ್ವರವನ್ನು ಕಂಪೌಂಡಿನಲ್ಲಿ ಗುರುತಿಸದವರೇ ಇರಲಿಲ್ಲ.

"ಅವಳು ಹೇಳ್ಲಿಕ್ಕಿಲ್ಲ. ನಾನು ಹೇಳ್ತೇನೆ."

ದೊಡ್ಡಮ್ಮ ಹೊಸ್ತಿಲ ಆಚೆಯೇ ನಿಂತಿದ್ದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು, ಮೈಯಿಂದ ನೀರು ಇಳಿಯುತ್ತಿತ್ತು. ಹೆಂಚಿನ ದೋಣಿಯವರ ಬಾಯಿಂದ, ಇವತ್ತು ನಿನ್ನ ತಂಗಿಯನ್ನು ಸಭೆಯಿಂದ ತೆಗೆಯುತ್ತಾರೆ ಎಂದು ಕೇಳಿ ಬಂದವಳು. ಸೆರಗು ಹಿಂದಕ್ಕೆ ಸರಿಸಿದಳು. ಅವಳ ಮುಖ ನನಗೇ ಗುರುತು ಸಿಗಲಿಲ್ಲ. ಇನ್ನೂ ಕೆಂಪಾಗಿದ್ದ ಗುಳಿಗಳು, ರೆಪ್ಪೆ ಉದುರಿದ ಕಣ್ಣು. ಹೆಂಗಸರ ಸಾಲಿನಲ್ಲಿ ಯಾರೋ "ಅಯ್ಯೋ ದೇವರೇ" ಎಂದರು. ಬೆಂಚುಗಳು ಸರಿದವು.

"ನನಗೆ ಬಂದದ್ದು ಇದು" ಎಂದಳು ದೊಡ್ಡಮ್ಮ ತುಳುವಿನಲ್ಲಿ. ಮೀನು ಕೂಗುವ ಸ್ವರವೇ, ಆದರೆ ಉಸಿರು ಸಾಲುತ್ತಿರಲಿಲ್ಲ. "ನನ್ನ ಗಂಡ ಹತ್ತಿರ ಬರ್ಲಿಲ್ಲ. ನನ್ನ ಅತ್ತೆ ಬರ್ಲಿಲ್ಲ. ಇವಳು ಬಂದಳು. ನನ್ನ ಕೀವು ಒರೆಸಿದಳು. ಇವಳು ಹೊತ್ತದ್ದು ನನ್ನ ಹೊಲಸು ಬಟ್ಟೆ, ಮಾರಿಯ ಬುಟ್ಟಿ ಅಲ್ಲ."

ಸ್ವಲ್ಪ ನಿಂತು ಸುಧಾರಿಸಿಕೊಂಡಳು. ಆಮೇಲೆ ಹೇಳಿದ್ದನ್ನು ಅವಳು ಹೇಳುತ್ತಾಳೆಂದು ಅಮ್ಮನೂ ಎಣಿಸಿರಲಿಲ್ಲ.

"ಒಂದು ದಿನ ನಾನು ಇನ್ನು ಬದುಕುದಿಲ್ಲ ಅಂತ ಆಯ್ತು. ಆಗ ಇವಳ ಹತ್ತಿರ ಕೇಳಿದೆ. ನನಗೋಸ್ಕರ ಒಂದು ಸಲ ಮಾರಿಯಮ್ಮನಿಗೆ ಕೈ ಮುಗಿ, ಒಂದೇ ಸಲ, ನಾನು ಸಾಯ್ತಾ ಇದ್ದೇನೆ ಅಂತ. ಇವಳು ಮುಗೀಲಿಲ್ಲ. ನನ್ನ ಕಾಲು ಹಿಡಿದು ಅತ್ತಳು, ಕೈ ಮಾತ್ರ ಮುಗೀಲಿಲ್ಲ. ಸಾಯುವ ಅಕ್ಕ ಕೇಳಿದ್ರೂ ಮುಗಿಯದವಳು ನಿಮಗೆ ಗೊತ್ತಿಲ್ಲದ ಹಾಗೆ ಮುಗೀತಾಳಾ?"

ಮೇಸ್ತ್ರಿ ಎದ್ದು ನಿಂತು, "ನಾನು ಕಂಡದ್ದು..." ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಅಮ್ಮನ ಕಡೆ ತಿರುಗಿ "ತಪ್ಪಾಯ್ತು ತಂಗಿ" ಎಂದು ಕುಳಿತುಬಿಟ್ಟರು. ಸಭಾಪಾಲಕರು ಅಲ್ಲೇ ಅಮ್ಮನ ಮೇಲಿನ ತಡೆ ತೆಗೆದರು, ಮುಂದೆ ಬಾ ಎಂದು ಕೈ ನೀಡಿದರು. ಆದರೆ ಅಷ್ಟು ಹೊತ್ತಿಗೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ನುಗ್ಗುತ್ತಿದ್ದರು. ಅರ್ಧ ಚರ್ಚು ಖಾಲಿ. ಅಮ್ಮ ಮುಂದೆ ಹೋಗಲಿಲ್ಲ. ಸಭಾಪಾಲಕರಿಗೆ ತಲೆ ಬಾಗಿಸಿ, ಬಾಗಿಲಿಗೆ ಹೋಗಿ ಅಕ್ಕನ ತೋಳು ಹಿಡಿದಳು. ಆ ದಿನದ ಭೋಜನ ಅವಳಿಲ್ಲದೆಯೇ ಆಯಿತು.

ನಮ್ಮನ್ನು ಓಡಿಸಲಿಲ್ಲ. ಓಡಿಸಬೇಕು ಎಂದವರು ಇದ್ದರು, ಮೇಸ್ತ್ರಿಯೇ ಅಡ್ಡ ನಿಂತರಂತೆ. ಕೆಲವು ವಾರ ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ, ನಾವು ಬಾವಿಗೆ ಎಲ್ಲರೂ ಹೋದ ಮೇಲೆ ಹೋದೆವು. ಯಾರಿಗೂ ಸಿಡುಬು ಏಳಲಿಲ್ಲ, ನಿಧಾನವಾಗಿ ಜನ ಮಾತಾಡಿಸತೊಡಗಿದರು. ದೊಡ್ಡಮ್ಮನ ಕತೆ ಬೇರೆ. ಮಳೆ ಮುಗಿದ ಮೇಲೆ ಅವಳು ಬುಟ್ಟಿ ಹೊತ್ತು ಬಂದಾಗ ಕಂಪೌಂಡಿನ ಒಂದು ಬಾಗಿಲೂ ತೆರೆಯಲಿಲ್ಲ. ಆ ವರ್ಷ ಇಡೀ ಅವಳು ಊರಿನ ಇನ್ನೊಂದು ಕೊನೆಗೆ, ತನ್ನ ಗುರುತಿಲ್ಲದ ಬೀದಿಗಳಿಗೆ ನಡೆದು ಮಾರಿಕೊಂಡು ಬಂದಳು. ಹೀಗಾಗುತ್ತದೆ ಎಂದು ಆ ಭಾನುವಾರ ಸೆರಗು ಸರಿಸುವಾಗಲೇ ಅವಳಿಗೆ ಗೊತ್ತಿತ್ತು.

ಆ ಭಾನುವಾರ ನಾವು ಅವಳನ್ನು ಧಕ್ಕೆಯವರೆಗೆ ಬಿಡಲು ಹೋದೆವು. ಅಮ್ಮ, ಅವಳ ಸೊಂಟದಲ್ಲಿ ತಂಗಿ, ಹಿಂದೆ ನಾನು. ದಾರಿಯುದ್ದಕ್ಕೂ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಅಷ್ಟು ಜನರ ಎದುರು ತಂಗಿಯ ಪರ ನಿಂತವಳು ಈಗ ಅವಳ ಮುಖವನ್ನೂ ನೋಡುತ್ತಿರಲಿಲ್ಲ. ನನಗೆ ಮತ್ತೆ ಹೆದರಿಕೆಯಾಯಿತು. ದೋಣಿ ಇನ್ನೂ ಆಚೆ ದಡದಲ್ಲಿತ್ತು.

"ನಿನ್ನನ್ನು ಹೊಗಳ್ಲಿಕ್ಕೆ ಬಂದೆ ಅಂತ ಎಣಿಸ್ಬೇಡ" ಎಂದಳು ಕೊನೆಗೆ. "ಒಂದು ಸಲ ಕೈ ಮುಗಿದಿದ್ರೆ ನಿನ್ನ ದೇವರು ಎಂತ ಮಾಡ್ತಿದ್ದ? ನಾನು ಸಾಯ್ಲಿಕ್ಕೆ ಬಿದ್ದಿದ್ದೆ. ಅದನ್ನು ನಾನು ಮರೀಲಿಕ್ಕಿಲ್ಲ."

ಅಮ್ಮ ಅಳುತ್ತಿದ್ದಳು. ಸಭಾಪಾಲಕರು ಮನೆಗೆ ಬಂದಾಗ ಅಳದವಳು, ಕಡೆಯ ಬೆಂಚಿನಲ್ಲಿ ಅಳದವಳು, ಅಲ್ಲಿ ಮಳೆಯಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದಳು.

"ನನಗೆ ಪ್ರಾರ್ಥನೆಯೂ ಬರ್ತಿರಲಿಲ್ಲ ಅಕ್ಕ" ಎಂದಳು. "ನೀನು ಹೋಗ್ತಿ ಅಂತ ಹೆದರಿ ಬಾಯಿ ಒಣಗ್ತಿತ್ತು. ದೇವರ ಹತ್ತಿರ ಎಂತ ಕೇಳ್ಬೇಕು ಅಂತಲೂ ತೋಚುದಿಲ್ಲ. ಕೂತು ಬರೇ ಅಕ್ಕ, ಅಕ್ಕ ಅಂತಿದ್ದೆ. ಅಷ್ಟೇ ನನ್ನ ಪ್ರಾರ್ಥನೆ."

ದೋಣಿ ಬಂದು ಧಕ್ಕೆಗೆ ತಾಗಿತು. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿಕೊಂಡು ಒಂದು ಕಾಲು ಒಳಗಿಟ್ಟಳು.

"ಕೇಳ್ತಿತ್ತು" ಎಂದಳು, ತಿರುಗಿ ನೋಡದೆ. "ಅದಕ್ಕೇ ಇವತ್ತು ಬಂದದ್ದು."